ಒಲೆಗೆ ಹಾಕಿದ ರಜೆ ಚೀಟಿಗಳು

ತಾರೀಕು ಹಾಕದ ರಜೆ ಚೀಟಿಯ ಕಥೆ ಹೇಳಿದರೆ ಈಗಿನ ಶಿಕ್ಷಕಿಯರು ನಗುತ್ತಾರೆ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆಯ ಹಳ್ಳಿ ಸಾಲಿಗಳು ಅದರ ಮೇಲೆಯೇ ನಡೆಯುತ್ತಿದ್ದವು. ಊರಿಗೆ ಹೊರಟವರು ಅರ್ಧ ಹಾಳೆಯ ಮೇಲೆ "ಮೈಯಲ್ಲಿ ಆರಾಮ ಇಲ್ಲದ ಕಾರಣ ಒಂದು ದಿನದ ರಜೆ ಕೊಡಬೇಕು" ಎಂದು ಬರೆದು ಸಹಿ ಮಾಡುವುದು, ತಾರೀಕಿನ ಜಾಗ ಖಾಲಿ ಬಿಡುವುದು, ಸಾಲಿಯಲ್ಲಿ ಉಳಿಯುವವರ ಕೈಗೆ ಕೊಡುವುದು. ಅವತ್ತು ಇನ್ಸ್‌ಪೆಕ್ಟರು ಬಂದರೆ ಉಳಿದವರು ತಾರೀಕು ತುಂಬಿ ಮುಂದೆ ಇಡಬೇಕು. ಬರದೇ ಇದ್ದರೆ ಹೋದವರು ತಿರುಗಿ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಮಾಡಬೇಕು, ಚೀಟಿ ಹರಿದು ಹಾಕಬೇಕು. ಸರಕಾರದ ಯಾವ ಪುಸ್ತಕದಲ್ಲೂ ಇದು ಇರಲಿಲ್ಲ. ಆದರೆ ಎಲ್ಲರಿಗೂ ಗೊತ್ತಿತ್ತು, ಇನ್ಸ್‌ಪೆಕ್ಟರಿಗೂ ಗೊತ್ತಿತ್ತು. ಇದಕ್ಕೆ ಇದ್ದದ್ದು ಒಂದೇ ಕಟ್ಟಳೆ. ಕೆಲಸ ಮುಗಿದ ಮೇಲೆ ಚೀಟಿ ಉಳಿಯಬಾರದು.

ಆ ಕಟ್ಟಳೆಯನ್ನು ನಾನು ಒಮ್ಮೆಯೂ ತಪ್ಪದೆ ಪಾಲಿಸಿದೆ. ಕೆಟ್ಟದ್ದೂ ಅದರಿಂದಲೇ.

ನನ್ನ ಸಾಲಿ ದೇವರ ಹಿಪ್ಪರಗಿಯಿಂದ ಮೂರು ಮೈಲು ಒಳಗೆ, ಸಿಂದಗಿ ತಾಲೂಕಿಗೆ ಸೇರಿದ ಹಳ್ಳಿಯಲ್ಲಿತ್ತು. ಹೆಣ್ಣುಮಕ್ಕಳ ಸಾಲಿ. ಒಂದನೆಯದರಿಂದ ನಾಲ್ಕನೆಯದರ ತನಕ ನಾಲ್ಕು ಇಯತ್ತೆ, ಎರಡು ಕೋಣೆ, ಇಬ್ಬರು ಅಕ್ಕೋರು. ನಮ್ಮ ಕಡೆ ಪಾಠ ಕಲಿಸುವ ಹೆಂಗಸನ್ನು ಊರೆಲ್ಲ ಅಕ್ಕೋರು ಅನ್ನುತ್ತದೆ. ಇಬ್ಬರಿದ್ದದ್ದರಿಂದ ಅವರು ದೊಡ್ಡ ಅಕ್ಕೋರು, ನಾನು ಸಣ್ಣ ಅಕ್ಕೋರು. ದೊಡ್ಡ ಅಕ್ಕೋರಿಗೆ ಇಪ್ಪತ್ತು ವರ್ಷದ ನೌಕರಿ ಆಗಿತ್ತು, ಸಾಲಿಯ ಮುಖ್ಯಸ್ಥೆ ಅವರೇ. ಗಂಡ ತಾಳಿಕೋಟೆಯ ಅಡತಿ ಅಂಗಡಿಯಲ್ಲಿ ಗುಮಾಸ್ತ. ನನಗೆ ಆಗ ಇಪ್ಪತ್ತಮೂರು, ಹಂಗಾಮಿ ನೌಕರಿ. ಎರಡು ವರ್ಷ ನಡತೆ ಸರಿ ಇದ್ದರೆ ಕಾಯಂ ಮಾಡುತ್ತೇವೆ ಎಂದು ಆದೇಶದಲ್ಲಿ ಬರೆದಿತ್ತು.

ಆ ಕಾಯಂ ಎಂಬ ಶಬ್ದದ ಮೇಲೆ ನನ್ನ ಪೂರ್ತಿ ಜೀವ ನಿಂತಿತ್ತು. ನನ್ನ ಗಂಡ ಅನ್ನಿಸಿಕೊಂಡವನು ಸೊಲ್ಲಾಪುರದ ಗಿರಣಿಗೆ ಹೋಗಿ ಅಲ್ಲಿಯೇ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ನನಗೆ ಉಳಿದದ್ದು ಎರಡು ವರ್ಷದ ಮಗಳು. ಅವಳು ಇಂಡಿಯ ಹತ್ತಿರದ ಹಳ್ಳಿಯಲ್ಲಿ ನನ್ನ ಅವ್ವನ ಕಡೆ ಇದ್ದಳು. ನೌಕರಿಗೆ ಹೊರಟ ದಿನ ಅವ್ವ ಖಡಾಖಂಡಿತ ಹೇಳಿದ್ದಳು.

"ಕಾಯಂ ಆಗೂ ತನಕ ಕೂಸಿನ್ನ ಒಯ್ಯಬ್ಯಾಡ. ಇಂದು ನೌಕರಿ ಐತಿ ಅಂತ ಒಯ್ದು, ನಾಳೆ ಇಲ್ಲಂತ ಅದನ್ನ ಹೊತಗೊಂಡು ಬಂದ್ರ ಮಂದಿ ನಗತಾರ. ಕಾಯಂ ಆದ ದಿನ ನಾನ ಕರಕೊಂಡು ಬಂದು ಬಿಟ್ಟು ಹೋಗ್ತೇನಿ."

ಹೀಗಾಗಿ ಎರಡು ವರ್ಷ ಮುಗಿಯುವುದನ್ನೇ ಕಾಯುತ್ತ ಕೂತೆ. ತಿಂಗಳಿಗೊಮ್ಮೆ ಶನಿವಾರ ಮುಂಜಾನೆಯ ಸಾಲಿ ಮುಗಿಸಿ ಹಿಪ್ಪರಗಿಗೆ ನಡೆದು, ಅಲ್ಲಿಂದ ಸಿಂದಗಿ, ಸಿಂದಗಿಯಿಂದ ಇಂಡಿ. ರವಿವಾರ ಪೂರ್ತಿ ಮಗಳ ಜೊತೆ. ಸೋಮವಾರ ಮುಂಜಾನೆಯ ಮೊದಲ ಬಸ್ಸು ಹಿಡಿದರೂ ಸಿಂದಗಿಯಲ್ಲಿ ಮುಂದಿನ ಬಸ್ಸು ಸಿಗುತ್ತಿರಲಿಲ್ಲ. ಸಾಲಿ ಮುಟ್ಟುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿರುತ್ತಿದ್ದ. ಆ ಅರ್ಧ ದಿನಕ್ಕೆ ನನ್ನ ಚೀಟಿ.

ಈ ದಾರಿ ತೋರಿಸಿದವರೂ ದೊಡ್ಡ ಅಕ್ಕೋರೇ. ನಾನು ಸೇರಿದ ಹೊಸದರಲ್ಲಿ, ಒಂದು ಶನಿವಾರ, ಊರಿಗೆ ಹೋಗಲಾರದೆ ಕಿಟಕಿಯ ಹತ್ತಿರ ಮುಖ ತಿರುಗಿಸಿ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅವರು ನೋಡಿದರು.

"ಹುಚ್ಚಿ, ಅಳತಿ ಯಾಕ? ಒಂದು ಚೀಟಿ ಬರದು ಕೊಡು, ಹೋಗಿ ಕೂಸಿನ ಮಾರಿ ನೋಡಿ ಬಾ. ಸೋಮವಾರ ನಾ ಸಂಭಾಳಸ್ತೇನಿ. ನಾಳೆ ನಾ ತಾಳಿಕೋಟಿಗೆ ಹೋದಾಗ ನೀ ಸಂಭಾಳಸು. ನಾವು ನಾವು ಹೆಂಗಸರು ಒಬ್ರಿಗೊಬ್ರು ಆಗದಿದ್ರ ಯಾರು ಆಗ್ತಾರ ತಂಗಿ?"

ಅವರು ನನ್ನನ್ನು ತಂಗಿ ಅನ್ನುತ್ತಿದ್ದರು. ಆ ಸೋಮವಾರ ನಾನು ತಿರುಗಿ ಬಂದಾಗ ಅವರು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದು ನನಗಾಗಿ ತೆಗೆದಿಟ್ಟಿದ್ದರು. ಹಾಜರಿ ಪುಸ್ತಕ ಮುಂದೆ ಸರಿಸಿ ಸಹಿ ಮಾಡಿಸಿದರು. ಚೀಟಿ ಎಲ್ಲಿ ಎಂದು ನಾನು ಕೇಳುವುದರೊಳಗೇ, "ಹರದ ಒಲಿಗೆ ಹಾಕೀನಿ" ಅಂದರು. ಅದಾದ ಮೇಲೆ ನಾನು ಕೇಳಲೂ ಇಲ್ಲ. ಅಕ್ಕನ ಹತ್ತಿರ ಯಾರಾದರೂ ರಸೀದಿ ಕೇಳುತ್ತಾರೆಯೇ?

ಅವರ ಸರದಿಯೂ ಬರುತ್ತಿತ್ತು. ತಿಂಗಳಿಗೆ ಎರಡು ಸಲ, ಕೆಲವು ತಿಂಗಳು ಮೂರು ಸಲ ತಾಳಿಕೋಟೆಗೆ ಹೋಗುತ್ತಿದ್ದರು. ಹೋಗುವಾಗ ಅವರ ಚೀಟಿ ನನ್ನ ಕೈಗೆ. ಮುಖ್ಯಸ್ಥೆಯಾದವರು ತಮ್ಮ ರಜೆ ಚೀಟಿಯನ್ನು ಹಂಗಾಮಿ ಶಿಕ್ಷಕಿಯ ಕೈಗೆ ಕೊಡುವುದು ಎಷ್ಟು ದೊಡ್ಡ ವಿಶ್ವಾಸ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಅವರು ತಿರುಗಿ ಬಂದ ದಿನ, ಅವರ ಕಣ್ಣೆದುರಿಗೇ ಅದನ್ನು ನಾಲ್ಕು ಚೂರು ಮಾಡಿ, ಸಾಲಿಯ ಹಿಂದೆ ಮಕ್ಕಳಿಗೆ ಗೋಧಿ ನುಚ್ಚಿನ ಉಪ್ಪಿಟ್ಟು ಮಾಡುವ ಮೂರು ಕಲ್ಲಿನ ಒಲೆಗೆ ಹಾಕುತ್ತಿದ್ದೆ. ಸಾಲಿಗೆ ಪುಕ್ಕಟೆ ಬರುತ್ತಿದ್ದ ಆ ನುಚ್ಚಿನ ಉಪ್ಪಿಟ್ಟು ಅವರ ಎಷ್ಟು ಚೀಟಿಗಳ ಮೇಲೆ ಬೆಂದಿದೆಯೋ ಲೆಕ್ಕ ಇಟ್ಟಿಲ್ಲ. ಒಮ್ಮೆ ಅವರು ನಕ್ಕು, "ನೀ ಬಾಳ ಖಾತರಿ ಹೆಣ್ಣು ನೋಡು" ಅಂದಿದ್ದರು. ಆ ಮಾತು ನನಗೆ ಬಂಗಾರದ ಬಳೆ ತೊಡಿಸಿದಷ್ಟು ಖುಷಿ ಕೊಟ್ಟಿತ್ತು.

ಮಗಳಿಗೆ ಒಂದು ಸಣ್ಣ ಕೌದಿಯನ್ನೂ ಹೊಲಿದು ಕೊಟ್ಟರು. ಹಳೆಯ ಇಳಕಲ್ಲ ಸೀರೆಯ ತುಂಡು, ಮೂಲೆಗೆ ಕೆಂಪು ಬಟ್ಟೆಯ ತ್ರಿಕೋನ. "ಕಾಯಂ ಆದಮ್ಯಾಲ ಇಲ್ಲೇ ನನ್ನ ಮನಿ ಮಗ್ಗಲಾಗ ಒಂದು ಕ್ವಾಣಿ ನೋಡೇನಿ. ಕೂಸಿನ್ನ ಕರಕೊಂಡು ಬಾ. ನಮ್ಮನಿ ಅಂಗಳದಾಗ ಆಡಕೋತ ಬೆಳೀತೈತಿ" ಅಂದರು. ನಾನು ಆ ಕೋಣೆಯನ್ನು ಹೊರಗಿನಿಂದ ಎಷ್ಟು ಸಲ ನೋಡಿಕೊಂಡು ಬಂದಿದ್ದೇನೋ! ಒಲೆ ಎಲ್ಲಿ ಹಾಕಬೇಕು, ಕೊಡ ಎಲ್ಲಿ ಇಡಬೇಕು, ಮಗಳನ್ನು ಯಾವ ಗೋಡೆಗೆ ಮಲಗಿಸಬೇಕು, ಎಲ್ಲ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ.

ಕಾಯಂ ಆಗಲು ಐದು ತಿಂಗಳು ಉಳಿದಾಗ ಇನ್ಸ್‌ಪೆಕ್ಟರು ಬಂದರು. ಸೋಮವಾರವೇ ಬಂದರು. ನಾನು ಹಿಪ್ಪರಗಿಯಿಂದ ಬಿಸಿಲಲ್ಲಿ ನಡೆದು, ಕಾಲಿಗೆಲ್ಲ ಕರಿಮಣ್ಣು ಮೆತ್ತಿಕೊಂಡು ಬಾಗಿಲಲ್ಲಿ ನಿಂತರೆ, ಸಾಹೇಬರು ಕುರ್ಚಿಯಲ್ಲಿ ಕುಳಿತಿದ್ದರು. ದೊಡ್ಡ ಅಕ್ಕೋರು ಗೋಡೆಗೆ ಒತ್ತಿ ನಿಂತಿದ್ದರು. ಮಕ್ಕಳು ಕೈ ಕಟ್ಟಿ ಕುಳಿತಿದ್ದವು.

"ಬರ್ರಿ ಅಕ್ಕೋರ. ಈಗ ಬಂದ್ರ್ಯಾ?"

ನನಗೇನೂ ಹೆದರಿಕೆ ಆಗಲಿಲ್ಲ. ನನ್ನ ಚೀಟಿ ಇತ್ತಲ್ಲ. "ಆರಾಮ ಇರಲಿಲ್ರಿ ಸಾಹೇಬ್ರ. ರಜಾ ಚೀಟಿ ಕೊಟ್ಟೇನ್ರಿ. ದೊಡ್ಡ ಅಕ್ಕೋರ ಹಂತೇಕ ಐತ್ರಿ" ಅಂದೆ.

ಸಾಹೇಬರು ದೊಡ್ಡ ಅಕ್ಕೋರ ಕಡೆ ನೋಡಿದರು. ಅವರು ನನ್ನ ಕಡೆ ನೋಡಲಿಲ್ಲ. ಗೋಡೆಯ ಮೇಲಿನ ವಿಜಾಪುರ ಜಿಲ್ಲೆಯ ನಕಾಶೆಯನ್ನು ಮೊದಲ ಸಲ ಕಂಡವರ ಹಾಗೆ ನೋಡುತ್ತಿದ್ದರು. ಆಮೇಲೆ ಸಾಲಿಯ ಟ್ರಂಕು ತೆರೆದು, ಎಲ್ಲಕ್ಕೂ ಕೆಳಗಿನಿಂದ ಒಂದು ಕಟ್ಟು ತೆಗೆದರು. ದಬ್ಬಣದಿಂದ ತೂತು ಹೊಡೆದು ಸುತಳಿ ಪೋಣಿಸಿದ ಕಟ್ಟು. ಮೇಲಿನ ಹಾಳೆಯಲ್ಲಿ ನನ್ನ ಅಕ್ಷರ. ಅದರ ಕೆಳಗಿನ ಹಾಳೆಯಲ್ಲೂ ನನ್ನ ಅಕ್ಷರ.

"ಇದೊಂದ ಅಲ್ರಿ ಸಾಹೇಬ್ರ. ಮೊದಲಿನಿಂದ ಹಿಂಗ ಐತ್ರಿ. ನಾ ಹೇಳಿ ಹೇಳಿ ಸಾಕಾಗೇತ್ರಿ. ಮ್ಯಾಲ ತಿಳಸಬೇಕಂತ ಎಲ್ಲಾ ಜೋಡಿಸಿ ಇಟ್ಟೇನ್ರಿ."

ಹದಿನೇಳು ಚೀಟಿಗಳು. ಸಾಹೇಬರು ಒಂದೊಂದೇ ತಿರುವಿದರು. ಒಂದೊಂದರ ಹಿಂದೆಯೂ ಸಣ್ಣಗೆ, ಅಚ್ಚುಕಟ್ಟಾಗಿ, ಪೆನ್ಸಿಲ್ಲಿನಿಂದ ತಾರೀಕು. ಕಟ್ಟಿನ ತಳದ ಚೀಟಿ ನಾನು ಕೊಟ್ಟ ಮೊದಲನೆಯದು. ಅದರ ಹಿಂದೆಯೂ ತಾರೀಕು ಇತ್ತು. ರೊಟ್ಟಿ, ಪುಂಡಿಪಲ್ಯ ತಿನ್ನಿಸಿದ ಸೋಮವಾರದ ತಾರೀಕು.

ಸಾಹೇಬರ ಕೈಗೆ ಕಟ್ಟು ಕೊಟ್ಟದ್ದನ್ನು ನಾನು ಆಮೇಲೆ ಕ್ಷಮಿಸಲು ಪ್ರಯತ್ನ ಮಾಡಿದ್ದೇನೆ. ಹೆದರಿದ ಮನುಷ್ಯ ಏನೂ ಮಾಡುತ್ತಾನೆ. ಸಾಲಿಯ ಮುಖ್ಯಸ್ಥೆ ತಾವಾದ್ದರಿಂದ ತಮ್ಮ ಕುತ್ತಿಗೆಗೆ ಬರಬಹುದು ಅಂತ ನನ್ನ ಕುತ್ತಿಗೆ ಮುಂದೆ ಮಾಡಿದರು, ಸರಿ. ಆದರೆ ಆ ಮೊದಲ ಚೀಟಿಯ ತಾರೀಕು ಹೆದರಿಕೆಯಲ್ಲಿ ಬರೆದದ್ದಲ್ಲ. ನಾನು ಅವರ ಕೈಯ ರೊಟ್ಟಿ ಮುರಿದು ಬಾಯಿಗೆ ಇಡುತ್ತಿದ್ದಾಗ, ಅಥವಾ ಅದಕ್ಕೆ ಸ್ವಲ್ಪ ಮೊದಲು, ಅಥವಾ ನಾನು ನೀರು ಕುಡಿಯಲು ಹೊರಗೆ ಹೋದಾಗ, ಅವರು ಪೆನ್ಸಿಲ್ಲು ತೆಗೆದುಕೊಂಡಿದ್ದರು. ನಂಬಿಸಿ ಕುತ್ತಿಗೆ ಕೊಯ್ಯುವುದು ಅನ್ನುತ್ತಾರಲ್ಲ, ಚಾಕು ಮಸೆಯುವುದು ಅಷ್ಟು ಮುಂಚೆ ಶುರುವಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಇಷ್ಟಾದರೂ ಅವರ ವಿಷಯಕ್ಕೆ ಏಕವಚನ ನನ್ನ ಬಾಯಿಗೆ ಬರುವುದಿಲ್ಲ. ಆ ಸಿಟ್ಟು ನನಗೆ ನನ್ನ ಮೇಲೆಯೇ ಇದೆ.

ಒಂದು ತಿಂಗಳಿಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಲಕೋಟೆ ಬಂತು. ಅದನ್ನು ತೆಗೆದುಕೊಂಡು ಇಂಡಿಗೆ ಹೋದೆ. ಅಪ್ಪ ಇದ್ದಾಗಿನಿಂದ ಪರಿಚಯದ ವಕೀಲರೊಬ್ಬರು ಅಲ್ಲಿ ಇದ್ದರು. ಅವ್ವ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ನನ್ನ ಜೊತೆ ಬಂದಳು. ವಕೀಲರು ಓದಿ, ನಿನ್ನ ಮೇಲೆ ದುರ್ನಡತೆಯ ಆರೋಪ ಹೊರಿಸಿದ್ದಾರೆ ಅಂದರು. ಅವ್ವ ಅಲ್ಲಿಯೇ ನೆಲಕ್ಕೆ ಕುಸಿದಳು. ಗಂಡ ಬಿಟ್ಟ ಹೆಣ್ಣಿನ ಮೇಲೆ ದುರ್ನಡತೆ ಎಂದರೆ ಊರಿನ ಬಾವಿಕಟ್ಟೆ ಏನು ತಿಳಿಯುತ್ತದೆ ಅಂತ ಬೇರೆ ಹೇಳಬೇಕೇ?

"ಅದಲ್ಲವ್ವಾ" ಎಂದು ವಕೀಲರು ಅವಳಿಗೆ ನೀರು ಕೊಡಿಸಿದರು. ಆಮೇಲೆ ನನಗೆ ತಿಳಿಸಿ ಹೇಳಿದರು. "ಕಾಯದೆದಾಗ ಇದಕ್ಕ ಬ್ಯಾರೆ ಅರ್ಥ ಐತಿ. ನೌಕರಿ ಮಾಡೋರು ಮಾಡಬಾರದ್ದನ್ನ ಮಾಡೂದು. ಆದ್ರ ಎಲ್ಲಾ ತಪ್ಪೂ ದುರ್ನಡತಿ ಆಗೂದಿಲ್ಲ. ಬಸ್ ತಪ್ಪಿ ತಡಾ ಆತು, ಅದು ತಪ್ಪು. ತಿಳೀದ ಮಾಡಿದ್ದು ತಪ್ಪು. ಮಾಡಬಾರದು ಅಂತ ಗೊತ್ತಿದ್ದೂ, ಮನಸಾರೆ ಮಾಡಿದ್ರ ಅದು ದುರ್ನಡತಿ. ಮನಸು ಎಂಥಾದ್ದಿತ್ತು ಅನ್ನೂದರ ಮ್ಯಾಲ ಐತಿ."

ನನಗೆ ಧೈರ್ಯ ಬಂತು. ನನ್ನ ಮನಸ್ಸು ಎಂಥದ್ದಿತ್ತು ಎಂದು ನನಗೆ ಗೊತ್ತಿತ್ತಲ್ಲ. ಕೂಸನ್ನು ನೋಡಲು ಹೋದ ಮನಸ್ಸು, ಮುಖ್ಯಸ್ಥೆಯೇ ಹೋಗು ಅಂದ ಮೇಲೆ ಹೋದ ಮನಸ್ಸು. ಹೊರಡುವಾಗ ವಕೀಲರು ಇನ್ನೊಂದು ಮಾತು ಹೇಳಿದರು. "ಕೇಳಿದ್ದಕ್ಕಷ್ಟ ಉತ್ತರ ಕೊಡು. ಬಾಯಿ ಬಿಟ್ಟರೆ ಬಣ್ಣಗೇಡು." ನಾನು ಹೂಂ ಅಂದೆ. ನನ್ನ ಬಾಯಿ ಅವರಿಗೆ ಗೊತ್ತಿತ್ತೋ ಏನೋ.

ವಿಚಾರಣೆ ನಡೆಯುವ ತನಕ ನಾವಿಬ್ಬರೂ ಅದೇ ಸಾಲಿಯಲ್ಲಿ, ಅದೇ ಎರಡು ಕೋಣೆಗಳಲ್ಲಿ ಕಲಿಸಿದೆವು. ಮಾತು ಇಲ್ಲ, ಕಥೆ ಇಲ್ಲ. ಸೀಮೆಸುಣ್ಣ ಬೇಕಾದರೂ ಒಂದು ಹುಡುಗಿಯನ್ನು ಕಳಿಸುವುದು. "ದೊಡ್ಡ ಅಕ್ಕೋರು ಡಸ್ಟರ್ ಕೇಳ್ಯಾರ್ರಿ." "ಸಣ್ಣ ಅಕ್ಕೋರು ಇಲ್ಲ ಅಂದಾರ್ರಿ." ಡಸ್ಟರು ನನ್ನ ಕೈಯಲ್ಲೇ ಇರುತ್ತಿತ್ತು. ಮಕ್ಕಳು ನಮ್ಮ ಜಗಳವನ್ನು ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿದವು.

ವಿಚಾರಣೆ ಬಸವನ ಬಾಗೇವಾಡಿಯಲ್ಲಿ ಇಟ್ಟರು. ಬೇರೆ ತಾಲೂಕಿನ ಅಧಿಕಾರಿ ವಿಚಾರಣೆ ಮಾಡಬೇಕಂತೆ. ಅವತ್ತು ಹಿಪ್ಪರಗಿಯಲ್ಲಿ ಬಾಗೇವಾಡಿಯ ಬಸ್ಸು ಹತ್ತಿದರೆ ತುಂಬಿ ತುಳುಕುತ್ತಿತ್ತು. ಖಾಲಿ ಇದ್ದದ್ದು ಒಂದೇ ಜಾಗ, ದೊಡ್ಡ ಅಕ್ಕೋರ ಮಗ್ಗುಲಿಗೆ. ನಾನು ನಿಂತೇ ಇದ್ದೆ. ಅವರು ಸೆರಗು ಸರಿಸಿ, "ಕುಂಡ್ರು ತಂಗಿ. ಎಷ್ಟೊತ್ತ ನಿಲ್ತಿ?" ಅಂದರು. ಎಷ್ಟೋ ವಾರದ ಮೇಲೆ ಬಂದ ಮೊದಲ ಮಾತು. ಕುಳಿತೆ.

ಸ್ವಲ್ಪ ದೂರ ಹೋದ ಮೇಲೆ ಅವರು ಬುತ್ತಿ ಬಿಚ್ಚಿದರು. ಇಬ್ಬರಿಗಾಗುವಷ್ಟು ರೊಟ್ಟಿ ತಂದಿದ್ದರು. ಶೇಂಗಾ ಹಿಂಡಿ, ಮೇಲೆ ಎಣ್ಣೆ. ಒಂದು ರೊಟ್ಟಿ ಮಡಚಿ ನನ್ನ ಕೈಗೆ ಇಟ್ಟರು. ನಾನು ತಿಂದೆ. ಹಸಿವೆ ಇತ್ತು, ಸುಳ್ಳು ಯಾಕೆ ಹೇಳಲಿ. ಅದಕ್ಕಿಂತ ಹೆಚ್ಚಾಗಿ, ಅವರು ಮತ್ತೆ ತಂಗಿ ಅಂದರಲ್ಲ ಎಂದು ನನ್ನ ಒಳಗೆ ಏನೋ ಕರಗಿತ್ತು.

"ಅವತ್ತು ಸಾಹೇಬ್ರನ್ನ ನೋಡಿ ಜೀವಾ ಹಾರಿತ್ತು ತಂಗಿ. ಏನ ಮಾಡಿದ್ನೋ ನನಗ ಗೊತ್ತಾಗಲಿಲ್ಲ" ಅಂದರು. "ಹೆದರಬ್ಯಾಡ. ಇಬ್ರೂ ಖರೇ ಹೇಳಿ ಬರೂಣು. ನಿಂದೂ ಚೀಟಿ ಇತ್ತು, ನಂದೂ ಚೀಟಿ ಇತ್ತು, ಎಲ್ಲಾ ಸಾಲಿಯಾಗೂ ಹಿಂಗ ಅಂತ ಹೇಳಿದ್ರ ಸಾಹೇಬ್ರು ಬೈದು ಬಿಡತಾರ, ಅಷ್ಟ."

ಪೆನ್ಸಿಲ್ಲಿನ ತಾರೀಕಿನ ಬಗ್ಗೆ ಕೇಳಬೇಕು ಅಂತ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಬಾಯಲ್ಲಿ ಅವರ ರೊಟ್ಟಿ ಇತ್ತು. ಬಾಗೇವಾಡಿ ಬಂದಾಗ ನಾನು ಅವರ ಚೀಲವನ್ನೂ ನಾನೇ ಹಿಡಿದುಕೊಂಡು ಇಳಿದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ವಿಚಾರಣೆಯ ಅಧಿಕಾರಿಗಳು ವಯಸ್ಸಾದವರು. ಮೊದಲು ಮಾಸ್ತರಿಕೆ ಮಾಡಿ ಮೇಲೆ ಬಂದವರು ಅಂತ ಮಾತಿನಲ್ಲೇ ಗೊತ್ತಾಗುತ್ತಿತ್ತು. ಒಂದು ಸಾಲಿಯ ಖಾಲಿ ಕೋಣೆಯಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದರು. ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿದರು. ಹೇಳಿಕೆಯನ್ನು ತಾವೇ ಬರೆದುಕೊಳ್ಳುತ್ತಿದ್ದರು. ಹದಿನೇಳು ಚೀಟಿಯ ಕಟ್ಟು ಮೇಜಿನ ಮೇಲಿತ್ತು.

ಮೊದಲು ನನ್ನನ್ನು ಕೇಳಿದರು. ನಾನು ಎಲ್ಲ ಹೇಳಿದೆ. ಊರು, ಕೂಸು, ಸೋಮವಾರದ ಬಸ್ಸು, ಹೋಗು ಅಂದವರು ಯಾರು, ಸಹಿ ಮಾಡಿಸಿಕೊಂಡವರು ಯಾರು. ಅವರು ತಲೆಯಾಡಿಸುತ್ತ ಬರೆದರು. ನನ್ನ ಕಡೆಯೇ ವಾಲುತ್ತಿದ್ದಾರೆ ಅನ್ನಿಸಿತು.

"ಹಂಗಾದ್ರ ಇವರೂ ನಿಮ್ಮ ಕೈಯಾಗ ಇಂಥಾ ಚೀಟಿ ಕೊಟ್ಟು ಹೋಗತಿದ್ರೇನು?"

"ಹೌದ್ರಿ. ತಿಂಗಳಿಗೆ ಎರಡು ಮೂರು ಸಲ ಕೊಡತಿದ್ರರಿ."

"ಎಲ್ಲಿ ಅದಾವ ಆ ಚೀಟಿ?"

ಇಲ್ಲಿ ನಾನು ಎದೆ ಉಬ್ಬಿಸಿದೆ. ನಿಜವಾಗಿಯೂ ಉಬ್ಬಿಸಿದೆ. ಆ ಕಟ್ಟಿನ ಕಡೆ ಬೆರಳು ತೋರಿಸಿ ಹೇಳಿದೆ. "ನಾ ಹಂಗ ಕಟ್ಟಿ ಇಟಗೊಳ್ಳಾಕಿ ಅಲ್ರಿ ಸಾಹೇಬ್ರ. ಅವರು ಬಂದ ದಿನಾನ, ಅವರ ಮುಂದನ, ಹರದು ಒಲಿಗೆ ಹಾಕತಿದ್ದೆ. ಒಂದೂ ಉಳಿಸಿಲ್ರಿ."

ಅಧಿಕಾರಿಗಳ ಪೆನ್ನು ನಿಂತಿತು. ಚಶ್ಮೆ ತೆಗೆದು ಕೆಳಗಿಟ್ಟರು.

"ಅಕ್ಕೋರ, ನೀವು ಏನ ಹೇಳಾಕತ್ತೀರಿ ಖಬರ ಐತೇನು? ಮುಖ್ಯಸ್ಥರು ಕೊಟ್ಟ ರಜಾ ಅರ್ಜಿ ಅಂದ್ರ ಸಾಲಿ ಕಾಗದ. ಸರಕಾರಿ ಕಾಗದ ನಾ ಹರದು ಸುಟ್ಟೇನಿ ಅಂತ ಹೇಳಾಕತ್ತೀರಿ."

ನನಗೆ ಅರ್ಥವಾಗಲಿಲ್ಲ. ಅವರು ದೊಡ್ಡ ಅಕ್ಕೋರ ಕಡೆ ತಿರುಗಿದರು. "ನೀವು ಏನಂತೀರಿ? ಕೊಟ್ಟೀರೇನು ಇವರ ಕೈಯಾಗ ಚೀಟಿ?"

ನಾನು ಅವರ ಮುಖವನ್ನೇ ನೋಡಿದೆ. ಬಸ್ಸಿನಲ್ಲಿ ರೊಟ್ಟಿಯ ಮೇಲೆ ಹಾಕಿಕೊಟ್ಟ ಎಣ್ಣೆ ಇನ್ನೂ ನನ್ನ ಬೆರಳಿಗೆ ಇತ್ತು.

"ಇಲ್ರಿ ಸಾಹೇಬ್ರ" ಅಂದರು ದೊಡ್ಡ ಅಕ್ಕೋರು. "ನಾ ಯಾಕ ಆಕಿ ಕೈಯಾಗ ಕೊಡ್ಲಿ? ನಾ ಸಾಲಿ ಮುಖ್ಯಸ್ಥಿ ಅದೇನಿ. ನಾ ಇಂಥಾ ಕೆಲಸ ಮಾಡಾಕಿ ಅಲ್ರಿ. ಕಾಗದಾ ಕಾಯೂದು ನನಗ ಗೊತ್ತೈತ್ರಿ. ನೋಡ್ರಿ, ಆಕಿವು ಎಲ್ಲಾ ಇಟ್ಟೇನಿ."

ಅಧಿಕಾರಿಗಳು ಆ ಕಟ್ಟನ್ನು ಮೇಜಿನ ಅಂಚಿಗೆ ಸರಿಸಿದರು. ಅವರಿಗೆ ಎಲ್ಲ ತಿಳಿದಿತ್ತು ಅಂತ ನನಗೆ ಇವತ್ತಿಗೂ ಖಾತ್ರಿ ಇದೆ. ದೊಡ್ಡ ಅಕ್ಕೋರನ್ನು ನೀರು ಕುಡಿದು ಬರಲು ಹೊರಗೆ ಕಳಿಸಿ, ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು.

"ನೋಡು ತಾಯಿ. ತಡಾ ಮಾಡಿ ಬಂದದ್ದಕ್ಕ ನಾ ಬರೇ ಎಚ್ಚರಿಕಿ ಬರದು ಬಿಡತೇನಿ. ಆಕಿನ ಸಹಿ ಮಾಡಿಸ್ಯಾಳ, ಆಕಿದೂ ಅದರಾಗ ಪಾಲೈತಿ. ನಿನ್ನ ಕಾಯಂಗೆ ಏನೂ ಅಡ್ಡಿ ಬರೂದಿಲ್ಲ. ಆದ್ರ ಈ ಹರದ ಮಾತು ಬರದ್ರ ಅದು ದುರ್ನಡತಿ ಆಗತೈತಿ. ನೀನ ಒಪ್ಪಿದ್ದಂಗ ಆತು, ನಿನಗ ಹತ್ತತೈತಿ. ಆಕಿಗೆ ಹತ್ತೂದಿಲ್ಲ. ಕಾಗದಾ ಇಲ್ಲ, ಆಕಿ ಒಪ್ಪಿಲ್ಲ. ನೆನಪಿಲ್ಲ ಅನ್ನು. ಅಷ್ಟ ಬರೀತೇನಿ."

ನೆನಪಿಲ್ಲ. ಒಂದೇ ಶಬ್ದದ ಕೆಲಸ. ಐದು ತಿಂಗಳಲ್ಲಿ ಈಗ ಎರಡು ತಿಂಗಳು ಉಳಿದಿದ್ದವು. ಮಗಳಿಗೆ ನಾಲ್ಕು ತುಂಬುತ್ತಿತ್ತು.

ಆದರೆ ಆಗ ಬಾಗಿಲಲ್ಲಿ ದೊಡ್ಡ ಅಕ್ಕೋರು ಬಂದು ನಿಂತರು. ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ನೆನಪಿಲ್ಲ ಎಂದರೆ ಅವರು ಎಂದೂ ತಾಳಿಕೋಟೆಗೆ ಹೋಗಿರಲಿಲ್ಲ ಅಂತ ಆಗುತ್ತಿತ್ತು. ಅವರು ನನ್ನನ್ನು ಎಂದೂ ನಂಬಿರಲಿಲ್ಲ, ನಾನು ಆ ಒಲೆಯ ಮುಂದೆ ಎಂದೂ ಕುಳಿತಿರಲಿಲ್ಲ ಅಂತ ಆಗುತ್ತಿತ್ತು. ನನ್ನ ಒಂದೂವರೆ ವರ್ಷದ ನಿಯತ್ತು ಕಾಗದದಲ್ಲಿ ಎಲ್ಲಿಯೂ ಇಲ್ಲದಂತೆ ಅಳಿಸಿ ಹೋಗುತ್ತಿತ್ತು.

"ಬರೀರಿ ಸಾಹೇಬ್ರ" ಅಂದೆ. "ಕೊಟ್ಟಾರ. ನಾ ಹರದೇನಿ. ಹರೀಬೇಕಂತ ಗೊತ್ತಿದ್ದ ಹರದೇನಿ. ಹಂಗ ಬರೀರಿ."

ಅವರು ನಿಟ್ಟುಸಿರು ಬಿಟ್ಟು ಚಶ್ಮೆ ಹಾಕಿಕೊಂಡು ಬರೆದರು. ಅದು ಸತ್ಯ ಹೇಳುವ ಧೈರ್ಯ ಅಂತ ಬಹಳ ವರ್ಷ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಈಗ ವಯಸ್ಸಾಗಿದೆ, ಸುಳ್ಳು ಹೇಳಿ ಏನು ಮಾಡುವುದು. ಅದು ಹಟ. ಅವರನ್ನೂ ಜೊತೆಗೆ ಎಳೆದುಕೊಂಡೇ ಬೀಳುತ್ತೇನೆ ಅನ್ನುವ ಹಟ. ನಾನು ಒಬ್ಬಳೇ ಬೀಳುತ್ತೇನೆ ಅಂತ ಆ ಮನುಷ್ಯ ಬಿಡಿಸಿ ಹೇಳಿದ ಮೇಲೂ ಮಾಡಿದ ಹಟ. ವಕೀಲರು ಹೇಳಿದ್ದರಲ್ಲ, ಗೊತ್ತಿದ್ದೂ ಮನಸಾರೆ ಮಾಡಿದ್ದು ದುರ್ನಡತೆ ಎಂದು. ಚೀಟಿ ಹರಿದಾಗ ನನ್ನ ಮನಸ್ಸಿನಲ್ಲಿ ಒಂದು ಚೂರೂ ಕೆಟ್ಟದ್ದು ಇರಲಿಲ್ಲ. ಬರೀರಿ ಅಂದಾಗ ಇತ್ತು.

ಹೊರಗೆ ಬೇವಿನ ಗಿಡದ ಕೆಳಗೆ ಅವರನ್ನು ತಡೆದು ನಿಲ್ಲಿಸಿದೆ. "ಬಸ್ಸಿನ್ಯಾಗ ಏನ ಹೇಳಿದ್ರಿ? ಒಳಗ ಏನ ಹೇಳಿದ್ರಿ? ಮೊದಲ ದಿನದಿಂದ ತಾರೀಕು ಯಾಕ ಬರದು ಇಟ್ರಿ? ಅವತ್ತ ನಾ ನಿಮಗ ಏನ ಮಾಡಿದ್ದೆ?"

ಅವರು ಅಳುತ್ತಾರೆ ಅಂದುಕೊಂಡಿದ್ದೆ. ಅಳಲಿಲ್ಲ. "ಏನೂ ಮಾಡಿರಲಿಲ್ಲ ತಂಗಿ" ಅಂದರು. "ಇಪ್ಪತ್ತು ವರ್ಷ ನೌಕರಿ ಮಾಡೇನಿ. ಯಾರ ಕೈಯಾಗ ಏನ ಐತಿ ಹೇಳಾಕ ಬರೂದಿಲ್ಲ. ಇರಲಿ ಅಂತ ಇಟ್ಟಿದ್ದೆ. ನೀನೂ ಇಟಗೋಬೇಕಿತ್ತು. ನೀ ಸಣ್ಣಾಕಿ, ನಿನಗ ಇನ್ನೂ ಮುಂದ ವ್ಯಾಳ್ಯಾ ಐತಿ. ನನಗಿಲ್ಲ."

ತಿರುಗಿ ಹೋಗುವ ಬಸ್ಸಿನಲ್ಲಿ ನಾನು ಹಿಪ್ಪರಗಿಯ ತನಕ ನಿಂತೇ ಬಂದೆ.

ಆದೇಶ ಬಂದಾಗ ವಕೀಲರು ಇಂಡಿಯಲ್ಲಿ ಓದಿ ಹೇಳಿದರು. ತಡವಾಗಿ ಬಂದದ್ದಕ್ಕೆ ನನಗೆ ಎಚ್ಚರಿಕೆ, ಸಹಿ ಮಾಡಿಸಿದ್ದಕ್ಕೆ ದೊಡ್ಡ ಅಕ್ಕೋರಿಗೂ ಎಚ್ಚರಿಕೆ. ಮುಖ್ಯಸ್ಥೆಯ ರಜೆಯ ವಿಷಯ ಸಾಬೀತಾಗಿಲ್ಲ. ಅವರು ಕಾಗದಗಳನ್ನು ಜೋಪಾನವಾಗಿ ಇಟ್ಟದ್ದನ್ನು ಗಮನಿಸಲಾಗಿದೆ. ಸಹಶಿಕ್ಷಕಿ ಸಾಲಿಯ ಕಾಗದಗಳನ್ನು ನಾಶ ಮಾಡಿದ್ದು ಸ್ವಂತ ಒಪ್ಪಿಗೆಯಿಂದ ಸಾಬೀತಾಗಿದೆ. ದುರ್ನಡತೆ. ಕಾಯಂ ಮಾಡುವುದನ್ನು ಎರಡು ವರ್ಷ ಮುಂದೂಡಿ, ಮುದ್ದೇಬಿಹಾಳ ತಾಲೂಕಿಗೆ ವರ್ಗ.

"ದೊಡ್ಡ ಅಕ್ಕೋರು ಮಾಡಿದ್ದಕ್ಕ ಕಾಯದೆದಾಗ ಏನಂತಾರ್ರಿ?" ಎಂದು ಕೇಳಿದೆ.

ವಕೀಲರು ಕಾಗದ ಮಡಚಿದರು. "ಏನೂ ಅನ್ನೂದಿಲ್ಲ. ಒಳಗ ಸುಳ್ಳು ಹೇಳಿದ್ದು ತಪ್ಪು, ಆದ್ರ ಅದನ್ನ ತೋರಸಾಕ ನಿನ್ನ ಹಂತೇಕ ಏನೈತಿ? ಚೀಟಿ ಇಟ್ಟಿದ್ದಂತೂ ಸರಿ. ಇಡಬೇಕಾದದ್ದ ಅದು."

ನಾನಿದ್ದ ಬಾಡಿಗೆ ಕೋಣೆ ಬಿಟ್ಟೆ, ಆ ಊರು ಬಿಟ್ಟೆ. ದೊಡ್ಡ ಅಕ್ಕೋರ ಮನೆಯ ಮಗ್ಗುಲಿನ ಕೋಣೆಗೆ ಬೇರೆ ಯಾರೋ ಬಂದರು. ಕೌದಿಯನ್ನು ಸುಟ್ಟು ಹಾಕು ಅಂತ ಅವ್ವನಿಗೆ ಹೇಳಿದೆ. "ಕೂಸು ಅದನ್ನ ಹೊಚ್ಚಿಗೊಳ್ಳದ ಮಲಗೂದಿಲ್ಲ, ನಿನ್ನ ಸಿಟ್ಟು ನೀನ ಹೊಚಗೊ" ಅಂದಳು ಅವ್ವ. ಕೌದಿ ಉಳಿಯಿತು.

ಮುದ್ದೇಬಿಹಾಳದ ಆ ಹಳ್ಳಿಯಿಂದ ಇಂಡಿಗೆ ಹೋಗಬೇಕೆಂದರೆ ಮೂರು ಬಸ್ಸು, ವಿಜಾಪುರ ಸುತ್ತಿ ಹೋಗಬೇಕು. ಶನಿವಾರ ಹೊರಟರೆ ರವಿವಾರ ಮುಟ್ಟಿ ಹಾಗೆಯೇ ತಿರುಗಬೇಕು. ಅಲ್ಲಿಯ ಶಿಕ್ಷಕಿಯೂ ಒಳ್ಳೆಯವಳು. ಮೊದಲ ವಾರವೇ ಒಂದು ಅರ್ಧ ಹಾಳೆ ಮುಂದೆ ಸರಿಸಿ, ಬರೆದು ಕೊಟ್ಟು ಹೋಗಿ ಬರ್ರಿ ಅಂದಳು. ನಾನು ಆ ಹಾಳೆಯನ್ನು ಮುಟ್ಟಲಿಲ್ಲ. ಎರಡು ವರ್ಷ ಒಂದು ಸೋಮವಾರವೂ ತಡ ಮಾಡಲಿಲ್ಲ. ದಸರೆಗೆ, ಬೇಸಿಗೆ ಸೂಟಿಗೆ ಮಾತ್ರ ಊರಿಗೆ ಹೋದೆ. ನನ್ನ ನಡತೆಯಲ್ಲಿ ಆಮೇಲೆ ಯಾರೂ ಬೆರಳಿಡುವಂಥದ್ದು ಇರಲಿಲ್ಲ. ಮಗಳು ನಾನಿಲ್ಲದಾಗ ಅಕ್ಷರ ಕಲಿತಳು, ಹಲ್ಲು ಬಿದ್ದವು, ಒಮ್ಮೆ ಮೈತುಂಬ ಗೋಬರ, ಅಂದರೆ ದಡಾರ, ಎದ್ದು ಹದಿನೈದು ದಿನ ಮಲಗಿದಳು. ಎಲ್ಲ ಅವ್ವನ ಪತ್ರದಲ್ಲಿ, ಊರಿನ ಯಾರೋ ಬರೆದು ಕೊಟ್ಟ ಅಕ್ಷರದಲ್ಲಿ ಓದಿದೆ.

ಕಾಯಂ ಆದೇಶ ಬಂದ ವಾರ ಅವ್ವ ಮಾತಿನಂತೆ ಮಗಳನ್ನು ಕರೆದುಕೊಂಡು ಬಂದಳು. ಮಗಳಿಗೆ ಆರು ತುಂಬಿತ್ತು. ಬಗಲಲ್ಲಿ ಆ ಕೌದಿಯ ಗಂಟು. ಎರಡು ದಿನ ಇದ್ದು, ಮೂರನೆಯ ದಿನ ಮುಂಜಾನೆ ಅವ್ವ ಬಸ್ಸು ಹತ್ತಿದಳು. ಮಗಳು "ಅವ್ವಾ, ಅವ್ವಾ" ಎಂದು ಬಸ್ಸಿನ ಹಿಂದೆ ಓಡಿದಳು. ನಾನು ಹಿಡಿದುಕೊಂಡು ಬಂದೆ. ಮಧ್ಯಾಹ್ನದ ತನಕ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಊರ ಮಕ್ಕಳು ಬಾಗಿಲಲ್ಲಿ ಬಂದು ನಿಂತು ನನ್ನನ್ನು ಕೂಗಿ, ಏನೋ ಕೇಳಿ ಹೋದವು. ಅವಳು ತಿರುಗಿ ಅವರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅತ್ತು ಅತ್ತು ಗಂಟಲು ಒಣಗಿತ್ತು.

"ಅಕ್ಕೋರ, ಕುಡಿಯಾಕ ನೀರು ಕೊಡ್ರಿ" ಅಂದಳು.

ಕೊಡದಿಂದ ಒಂದು ತಂಬಿಗೆ ನೀರು ಮೊಗೆದು ಅವಳ ಕೈಗೆ ಕೊಟ್ಟೆ.